ಸಂಪಾದಕರ ಉತ್ತರ: ಕೋಳಿಗೂ ಒಂದು ಮನಸ್ಸು

ಆತ್ಮೀಯ ಓದುಗರೇ,

ಪಂಜರದ ಕೋಳಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಕಾಗದ ತಲುಪಿತು. ‘ಕೋಳಿಗೆ ಮನಸ್ಸು, ನೋವು ಅಂತೆಲ್ಲ ಬರೆಯುವುದು ಜಾಸ್ತಿಯಾಯಿತು. ಎಲ್ಲ ಕೋಳಿಗಳೂ ಒಂದೇ. ಹೇಗಿದ್ದರೂ ಕೊನೆಗೆ ಕೊಯ್ಯುವುದೇ ಅಲ್ವಾ?’ ಎಂದು ಕೇಳಿದ್ದೀರಿ. ಮುಚ್ಚುಮರೆ ಇಲ್ಲದೆ ಕೇಳಿದ್ದು ಒಳ್ಳೆಯದಾಯಿತು.

ಸಾವಿರಗಟ್ಟಲೆ ಕೋಳಿಗಳನ್ನು ಒಂದೇ ಶೆಡ್ಡಿನಲ್ಲಿ ತುಂಬಿಟ್ಟರೆ ನಮ್ಮ ಕಣ್ಣಿಗೆ ಎಲ್ಲವೂ ಒಂದೇ, ನಿಜ. ಕೋಳಿಗಳ ಕಣ್ಣಿಗೆ ಹಾಗಲ್ಲ. ನಾರ್ವೆಯ ಪ್ರಾಣಿವಿಜ್ಞಾನಿ ತೋರ್ಲೈಫ್ ಷೆಲ್ಡರುಪ್-ಎಬ್ಬೆ ಚಿಕ್ಕ ಹುಡುಗನಾಗಿದ್ದಾಗಿಂದ ಕೋಳಿಗಳನ್ನು ನೋಡುತ್ತಾ ಬಂದವರು. ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು, ಯಾರಿಗೆ ಯಾರು ದಾರಿ ಬಿಡಬೇಕು ಎಂಬುದು ಪ್ರತಿ ಕೋಳಿಗೂ ಗೊತ್ತಿರುತ್ತದೆ ಎಂದು 1920ರ ದಶಕದ ಆರಂಭದಲ್ಲೇ ತೋರಿಸಿದರು. ಒಬ್ಬರನ್ನೊಬ್ಬರು ಗುರುತು ಹಿಡಿಯದೆ ಈ ಲೆಕ್ಕ ಇಟ್ಟುಕೊಳ್ಳಲು ಆಗುತ್ತಾ?

ಕಾವಿಗೆ ಕೂತ ಹೇಂಟೆಯನ್ನು ಹತ್ತಿರದಿಂದ ನೋಡಿದ್ದೀರಾ? ಸುಮಾರು 21 ದಿನದ ಕಾವು. ಕೊನೆಯ ಒಂದೆರಡು ದಿನ ಮೊಟ್ಟೆಯೊಳಗಿಂದಲೇ ಮರಿ ಚಿಂವ್ ಚಿಂವ್ ಅನ್ನುತ್ತದೆ. ತಾಯಿ ಮೆಲ್ಲಗೆ ಕೊಕ್ ಕೊಕ್ ಎಂದು ಉತ್ತರ ಕೊಡುತ್ತದೆ. ಎದೆ ಸ್ವಲ್ಪ ಎತ್ತಿ, ಕೊಕ್ಕಿನಿಂದ ಮೊಟ್ಟೆ ಹೊರಳಿಸಿ, ಮತ್ತೆ ಮೈ ಇಳಿಸಿ ಕೂರುತ್ತದೆ. ಚಿಪ್ಪು ಒಡೆಯುವ ಮೊದಲೇ ಇಬ್ಬರಿಗೂ ಮಾತು ಶುರುವಾಗಿರುತ್ತದೆ. ಆ ದನಿ ಒಂದು ಸಲ ಕೇಳಿದರೆ ಮರೆಯುವುದು ಕಷ್ಟ.

ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2011ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ತಾಯಿ ನೋಡುತ್ತಿದ್ದಂತೆ ಮರಿಗಳ ಮೇಲೆ ಗಾಳಿ ಊದಿದರು. ಗಾಳಿ ತಾಗಿದ್ದು ಮರಿಗಳಿಗೆ, ಎದೆಬಡಿತ ಏರಿದ್ದು ತಾಯಿಗೆ. ಇದಕ್ಕೆ ಸಂಕಟ ಅನ್ನದೆ ಇನ್ನೇನು ಹೆಸರಿಡಲಿ, ನೀವೇ ಹೇಳಿ.

ಇನ್ನು ಕೊಯ್ಯುವ ಮಾತು. ಕೊನೆಗೆ ಕೊಯ್ಯುತ್ತೇವೆ ಅನ್ನುವುದು ಬದುಕಿದ್ದಷ್ಟು ದಿನ ಗೋಳಾಡಿಸಲು ರಹದಾರಿಯಲ್ಲ. ಯುರೋಪಿಯನ್ ಒಕ್ಕೂಟದ ಹಳೇ ನಿಯಮದಲ್ಲಿ ಪಂಜರದ ಕೋಳಿಯೊಂದಕ್ಕೆ ಸಿಗುತ್ತಿದ್ದ ಜಾಗ 550 ಚದರ ಸೆಂಟಿಮೀಟರ್. ನೀವು ಕಾಗದ ಬರೆದ ಎ4 ಹಾಳೆ ಅದಕ್ಕಿಂತ ದೊಡ್ಡದು. ಅಂಥ ಬರಿ ಪಂಜರಗಳನ್ನು ಅಲ್ಲಿ 2012ರ ಜನವರಿ 1ರಿಂದ ನಿಷೇಧಿಸಿದರು. ರೆಕ್ಕೆ ಬಿಚ್ಚಲಾಗದ ಆ ಜಾಗದಲ್ಲೂ ಕೋಳಿಗೆ ಮಣ್ಣಿನಲ್ಲಿ ಹೊರಳುವ ಆಸೆ ಹೋಗುವುದಿಲ್ಲ. ಕೆಳಗೆ ಇರುವುದು ತಂತಿ. ಆದರೂ ಅದು ಮೈ ಉಬ್ಬಿಸಿ ಕೂತು, ಇಲ್ಲದ ಧೂಳನ್ನು ಕಾಲಿಂದ ಕೆದಕಿ, ಗರಿಗಳ ನಡುವೆ ಎರಚಿಕೊಳ್ಳುತ್ತಲೇ ಇರುತ್ತದೆ. ನನಗೆ ಇದಕ್ಕಿಂತ ಕರುಳು ಹಿಂಡುವ ದೃಶ್ಯ ಬೇರೆ ಗೊತ್ತಿಲ್ಲ.

ಮಾಂಸದ ಕೋಳಿಗಳದ್ದು ಇನ್ನೊಂದು ಪಾಡು. ಮೈ ಬೇಗ ತೂಕ ಹಿಡಿಯುವ ಹಾಗೆ ತಳಿ ಬೆಳೆಸಿದ್ದೇವೆ, ಎಷ್ಟೋ ಕೋಳಿಗಳ ಕಾಲು ಅದನ್ನು ತಡೆಯುವುದಿಲ್ಲ.

ತಿನ್ನುವುದು, ಬಿಡುವುದು ನಿಮ್ಮ ಇಷ್ಟ. ನಾನು ಬಿಟ್ಟಿದ್ದೇನೆ. ತಿನ್ನುವುದಾದರೆ, ಕೊಳ್ಳುವ ಮೊದಲು ಅದು ಎಲ್ಲಿ ಬೆಳೆದದ್ದು, ಅದಕ್ಕೆ ಮಣ್ಣು ಸಿಕ್ಕಿತ್ತಾ, ಮೊಟ್ಟೆಯಿಡಲು ಮರೆ ಇತ್ತಾ ಎಂದು ಕೇಳಿ. ಆಮೇಲೆ ಎಲ್ಲಾದರೂ ಬಯಲಲ್ಲಿ ಓಡಾಡುವ ಕೋಳಿಗಳು ಕಂಡರೆ ಅರ್ಧ ಗಂಟೆ ಸುಮ್ನೆ ಕೂತು, ಅದರಲ್ಲಿ ಒಂದೇ ಒಂದನ್ನು ನೋಡಿ. ಕಂಡದ್ದನ್ನು ನನಗೆ ಬರೆಯಿರಿ. ನನ್ನ ಮಾತು ತಪ್ಪು ಅನಿಸಿದರೂ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

– ಸಂ.