ಬೇಲಿಯ ಮೇಲಿನ ಕಾಡುಗೆಣಸು

ಪ್ರಶ್ನೆ: ಬೇಲಿಗೆ ಒಂದು ಬಳ್ಳಿ ತಾನಾಗಿಯೇ ಹಬ್ಬಿದೆ. ಎಲೆಯ ಬುಡದಲ್ಲಿ ಆಲೂಗಡ್ಡೆಯಂಥ ಕಂದು ಗಡ್ಡೆಗಳು ಜೋತುಬಿದ್ದಿವೆ. ಕಾಡುಗೆಣಸು ಅಂತಾರೆ. ಬೇಯಿಸಿ ತಿನ್ನಬಹುದಾ? ಬೆಳೆಸುವುದು ಹೇಗೆ?

ಉತ್ತರ: ಈಗಲೇ ಒಲೆ ಹಚ್ಚಬೇಡಿ. ಮೊದಲು ಬಳ್ಳಿಯನ್ನು ಎರಡು ಬೆರಳಿನ ನಡುವೆ ಹಿಡಿದು ತಿರುಗಿಸಿ. ನಾಲ್ಕು ಅಂಚು ಕೈಗೆ ಸಿಕ್ಕಿ, ಅಂಚಿನುದ್ದಕ್ಕೂ ತೆಳುವಾದ ರೆಕ್ಕೆ ಇದ್ದು, ಎಲೆಗಳು ಎದುರುಬದುರು ಇದ್ದರೆ ಅದು ಡಯಾಸ್ಕೋರಿಯಾ ಅಲಾಟಾ ಇರಬಹುದು. ಜನ ಊಟಕ್ಕೆಂದೇ ಬೆಳೆಸುವ ಗೆಣಸು ಅದು. ಬಳ್ಳಿ ದುಂಡಗೆ, ನುಣ್ಣಗೆ ಇದ್ದು, ಹೃದಯದಾಕಾರದ ಎಲೆಗಳು ಒಂದಾದ ಮೇಲೊಂದು ಬಂದಿದ್ದರೆ ಡಯಾಸ್ಕೋರಿಯಾ ಬಲ್ಬಿಫೆರಾ ಇರಬಹುದು. ಎಲೆ ಮೂರು ಅಥವಾ ಐದು ಭಾಗವಾಗಿದ್ದು ಮುಳ್ಳೂ ಇದ್ದರೆ ಬೇರೆ ಜಾತಿ. ಗೊತ್ತಿದ್ದವರಿಗೆ ತೋರಿಸದೆ ಮುಟ್ಟಬೇಡಿ.

ಬಲ್ಬಿಫೆರಾದಲ್ಲೇ ಎರಡು ಗುಣ. ಬೆಳೆಸಿಕೊಂಡು ಬಂದ ಕೆಲವು ತಳಿಗಳನ್ನು ಬೇಯಿಸಿ ತಿನ್ನುತ್ತಾರೆ. ತಾನಾಗಿ ಹುಟ್ಟಿದ್ದು ಸಾಮಾನ್ಯವಾಗಿ ಕಹಿ. ಆ ಕಹಿಯ ಜೊತೆ ಬರುವ ಡಯಾಸ್‌ಬಲ್ಬಿನ್ ಎಂಬ ವಿಷವಸ್ತು ಪಿತ್ತಜನಕಾಂಗಕ್ಕೆ ಕೆಟ್ಟದ್ದು. ಬೇಯಿಸಿದರೆ ಎಲ್ಲ ಹೋಗುತ್ತೆ ಅಂತ ನಂಬಬೇಡಿ. ನಾನಾದರೆ ಬೇಲಿಯ ಬಳ್ಳಿಯನ್ನು ತಿನ್ನುವುದಿಲ್ಲ. ಅದೇ ತಳಿಯನ್ನು ವರ್ಷಗಳಿಂದ ತಿನ್ನುತ್ತಿರುವವರ ಹತ್ತಿರ ಬೀಜದ ಗಡ್ಡೆ ಕೇಳಿ ತರುತ್ತೇನೆ.

ತಂದ ಗಡ್ಡೆಯನ್ನು ತಕ್ಷಣ ಮಣ್ಣಿಗೆ ಹಾಕಬೇಡಿ. ಮೊಳಕೆ ಕಾಣುವವರೆಗೆ ನೆರಳಲ್ಲಿ, ಗಾಳಿಯಾಡುವ ಕಡೆ ಇಡಿ. ಮೊದಲೇ ನೆಟ್ಟು ನೀರು ಸುರಿದರೆ ಕೊಳೆಯುತ್ತದೆ. ಮಳೆ ಶುರುವಾಗುವ ಹೊತ್ತಿಗೆ, ಗೊಬ್ಬರ ಬೆರೆಸಿದ ಸಡಿಲ ಮಣ್ಣಿನ ಏರಿಯಲ್ಲಿ ನೆಡಿ. ನೀರು ನಿಲ್ಲಬಾರದು. ಹತ್ತಲು ಗಟ್ಟಿ ಆಸರೆ ಬೇಕೇ ಬೇಕು, ಬಳ್ಳಿ ತುಂಬಾ ಉದ್ದ ಹೋಗುತ್ತೆ. 8ರಿಂದ 10 ತಿಂಗಳಲ್ಲಿ ಎಲೆ ಹಳದಿಯಾಗಿ ಬಳ್ಳಿ ಒಣಗಿದಾಗ ಅಗೆಯಿರಿ.

ಹೆಚ್ಚುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳಿ, ಲೋಳೆ ತಾಗಿದರೆ ತುರಿಸುತ್ತದೆ. ಸಿಪ್ಪೆ ದಪ್ಪಗೆ ತೆಗೆಯಿರಿ. ಉಪ್ಪುನೀರಲ್ಲಿ ಮೆತ್ತಗಾಗುವಷ್ಟು ಬೇಯಿಸಿ ಆ ನೀರು ಚೆಲ್ಲಿ. ಒಂದು ಚೂರು ನಾಲಿಗೆಗೆ ಇಟ್ಟಾಗ ಕಹಿ ಅನಿಸಿದರೆ ಇಡೀ ಪಾತ್ರೆ ಖಾಲಿ ಮಾಡಿ. ಹಸಿ ಗಡ್ಡೆ ಯಾವತ್ತೂ ಬೇಡ.

ಇನ್ನು ನಿಮ್ಮ ಬೇಲಿಯ ಬಳ್ಳಿ. ತಿನ್ನದಿದ್ದರೂ ಸುಮ್ನೆ ಬಿಡಬೇಡಿ. ಉದುರಿದ ಒಂದೊಂದು ಗಡ್ಡೆಯೂ ಒಂದೊಂದು ಬಳ್ಳಿಯಾಗುತ್ತದೆ. 1905ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ತಂದ ಇದೇ ಬಲ್ಬಿಫೆರಾ ಮರಗಳನ್ನೇ ಮುಚ್ಚುವಷ್ಟು ಹಬ್ಬಿ, ಕೊನೆಗೆ ಅದರ ಎಲೆ ತಿನ್ನುವ ಜೀರುಂಡೆಯನ್ನು ಬಿಡಬೇಕಾಯಿತು. ಬಟಾಣಿಯಷ್ಟು ಚಿಕ್ಕವನ್ನೂ ಬಿಡದೆ ಆರಿಸಿ, ಬುಡದ ಗಡ್ಡೆಯನ್ನೂ ಅಗೆದು ತೆಗೆಯಿರಿ.