ಎಡಗಣ್ಣಿನ ರೆಪ್ಪೆ ಇಳಿದಿದೆ, ಚರ್ಮ ಕತ್ತರಿಸಬಹುದೇ?

ಪ್ರಶ್ನೆ: ನನಗೆ 26 ವರ್ಷ. ಹುಟ್ಟಿದಾಗಿನಿಂದಲೂ ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿದೆ. ಮುಂದಿನ ತಿಂಗಳು ನಿಶ್ಚಿತಾರ್ಥ. ರೆಪ್ಪೆಯ ಚರ್ಮವನ್ನು ಸ್ವಲ್ಪ ಕತ್ತರಿಸಿದರೆ ಎರಡೂ ಕಣ್ಣು ಒಂದೇ ಆಕಾರಕ್ಕೆ ಬರುತ್ತವೆ ಎಂದು ಸೌಂದರ್ಯ ಚಿಕಿತ್ಸಾಲಯವೊಂದರಲ್ಲಿ ಹೇಳಿ, ಮುಂಗಡ ಕೇಳುತ್ತಿದ್ದಾರೆ. ಅಕ್ಕನ ಎರಡು ವರ್ಷದ ಮಗುವಿಗೂ ಹೀಗೆಯೇ ಇದೆ. ಮಾಡಿಸಿಕೊಳ್ಳಲೇ?
– ಓದುಗರು, ಹಾಸನ

ಉತ್ತರ: ಮುಂಗಡ ಕೊಡಬೇಡಿ. ನೀವು ಕಳಿಸಿದ ಫೋಟೊವನ್ನು ಬಹಳ ಹೊತ್ತು ನೋಡಿದೆ. ಎಡಹುಬ್ಬು ಬಲಹುಬ್ಬಿಗಿಂತ ಮೇಲಿದೆ, ಹಣೆಯ ಎಡಭಾಗದಲ್ಲಷ್ಟೇ ಗೆರೆಗಳಿವೆ, ಗದ್ದವನ್ನು ತುಸು ಎತ್ತಿಕೊಂಡಿದ್ದೀರಿ. ರೆಪ್ಪೆಯ ಕೆಲಸವನ್ನು ಇಷ್ಟು ವರ್ಷವೂ ಪಾಪ, ನಿಮ್ಮ ಹಣೆ ಮಾಡುತ್ತಾ ಬಂದಿದೆ. ಇದು ಹುಟ್ಟಿನಿಂದಲೇ ಬರುವ ಟೋಸಿಸ್‌ನ, ಅಂದರೆ ರೆಪ್ಪೆ ಇಳಿಬೀಳುವ ತೊಂದರೆಯ ಲಕ್ಷಣ. ರೆಪ್ಪೆ ಎತ್ತುವ ಲಿವೇಟರ್ ಸ್ನಾಯು ಹುಟ್ಟಿನಿಂದಲೇ ಸರಿಯಾಗಿ ಬೆಳೆದಿರುವುದಿಲ್ಲ. ವಯಸ್ಸಾದವರ ಜೋಲುಚರ್ಮ ತೆಗೆಯುವ ಶಸ್ತ್ರಚಿಕಿತ್ಸೆಯೇ ಬೇರೆ. ಅದನ್ನು ನಿಮಗೆ ಮಾಡಿದರೆ ಇಳಿದ ರೆಪ್ಪೆ ಇಳಿದೇ ಇರುತ್ತದೆ, ಕಣ್ಣು ಮುಚ್ಚಲು ಬೇಕಾದ ಚರ್ಮವೂ ಹೋಗುತ್ತದೆ.

ಕಣ್ಣಿನ ಆಸ್ಪತ್ರೆಯಲ್ಲಿ ನಿಮ್ಮ ಹುಬ್ಬನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ‘ಕೆಳಗೆ ನೋಡಿ, ಈಗ ಮೇಲೆ ನೋಡಿ’ ಎನ್ನುತ್ತಾರೆ. ರೆಪ್ಪೆಯಂಚು ಎಷ್ಟು ಏರಿತೆಂದು ಸ್ಕೇಲ್ ಇಟ್ಟು ಅಳೆಯುತ್ತಾರೆ. ಆರೋಗ್ಯವಂತ ರೆಪ್ಪೆ ಸುಮಾರು 15 ಮಿ.ಮೀ. ಏರುತ್ತದೆ. ಚೆನ್ನಾಗಿ ಏರುವಂತಿದ್ದರೆ ಲಿವೇಟರ್ ಸ್ನಾಯುವನ್ನೇ ಬಿಗಿ ಮಾಡುತ್ತಾರೆ. 4 ಮಿ.ಮೀ.ಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ಸಿಲಿಕೋನ್ ಎಳೆಯಿಂದಲೋ ತೊಡೆಯಿಂದ ತೆಗೆದ ಅಂಗಾಂಶದ ಪಟ್ಟಿಯಿಂದಲೋ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ಜೋಡಿಸುತ್ತಾರೆ.

ಆಮೇಲೂ ಕೆಳಗೆ ನೋಡುವಾಗ ಎರಡು ಕಣ್ಣಿಗೂ ವ್ಯತ್ಯಾಸ ಕಾಣಬಹುದು. ನಿದ್ದೆಯಲ್ಲಿ ಕಣ್ಣು ತುಸು ತೆರೆದಿದ್ದು ಒಣಗಬಹುದು, ರಾತ್ರಿ ಮುಲಾಮು ಹಚ್ಚಬೇಕಾಗುತ್ತದೆ. ಬಾವು ಪೂರ್ತಿ ಇಳಿಯಲು ವಾರಗಳು ಬೇಕು. ನಿಶ್ಚಿತಾರ್ಥದ ಆತುರಕ್ಕೆ ಇದನ್ನು ಸೇರಿಸಬೇಡಿ. ಗಂಡಿನ ಮನೆಯವರಿಗೆ ಈಗಲೇ ವಿಷಯ ತಿಳಿಸಿ.

ಎಡಗಣ್ಣಿನ ದೃಷ್ಟಿ ಎಷ್ಟಿದೆಯೆಂದು ನೀವು ಬರೆದಿಲ್ಲ. ಬಾಲ್ಯದಲ್ಲಿ ರೆಪ್ಪೆ ಕಣ್ಣಿನ ಪಾಪೆಯನ್ನು ಮುಚ್ಚಿದ್ದರೆ ಮಿದುಳು ಆ ಕಣ್ಣಿನಿಂದ ನೋಡುವುದನ್ನು ಕಲಿತಿರುವುದಿಲ್ಲ. ದೊಡ್ಡವರಾದ ಮೇಲೆ ರೆಪ್ಪೆ ಎತ್ತಿದರೂ ಆ ದೃಷ್ಟಿ ಮರಳುವುದು ಕಷ್ಟ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಗುವಿನ ಬಗೆಗಿನ ಆ ಒಂದೇ ಸಾಲು. ನಿಮ್ಮದು ಕಾಯಬಹುದು, ಮಗುವಿನದು ಕಾಯುವಂಥದ್ದಲ್ಲ. ಮಕ್ಕಳ ಕಣ್ಣು ನೋಡುವ ವೈದ್ಯರ ಬಳಿಗೆ ಅದನ್ನು ಈ ವಾರವೇ ಕರೆದುಕೊಂಡು ಹೋಗಲು ಅಕ್ಕನಿಗೆ ಹೇಳಿ. ಜೊತೆಗೆ ನೀವೂ ಹೋಗಿ ತೋರಿಸಿಕೊಳ್ಳಿ.