ಗೇಟಿನ ಸದ್ದಿಗೆ ಬೆಚ್ಚುತ್ತಿದ್ದ ಪಾಸ್ಟರಮ್ಮ: ಒಂದು ಆಪ್ತಸಲಹೆ ಪ್ರಕರಣ

ಕೋಲಾರ ಪಟ್ಟಣದ ಅಂಚಿನಲ್ಲಿರುವ ಒಂದು ಕ್ರೈಸ್ತ ಸಭೆಯ (ಚರ್ಚಿನ) ಸಭಾಪಾಲಕರ, ಅಂದರೆ ಪಾಸ್ಟರರ, ಪತ್ನಿ, ಮೂವತ್ತೈದರ ಆಸುಪಾಸಿನ ಮಹಿಳೆ, ರಾತ್ರಿ ನಿದ್ರೆ ಬರುತ್ತಿಲ್ಲವೆಂದು ಹೇಳಿಕೊಂಡು ನನ್ನ ಬಳಿಗೆ ಬಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಸಭೆ ಯಾವ ಪಂಗಡದ್ದೆಂಬುದನ್ನೂ ಬಿಟ್ಟಿದ್ದೇನೆ. ನೆರೆಹೊರೆಯವರು ಅವರನ್ನು ಪಾಸ್ಟರಮ್ಮ ಎಂದು ಕರೆಯುವುದರಿಂದ ಇಲ್ಲಿಯೂ ಅದೇ ಇರಲಿ.

ನಿದ್ರೆಯ ಮಾತು ಮುಗಿದ ಮೇಲೆ, ಬಹಳ ಹಿಂಜರಿಕೆಯಿಂದ ಅವರು ಹೇಳಿದ್ದು ಇಷ್ಟು: "ಗೇಟಿನ ಚಿಲಕದ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ. ಯಾರಾದರೂ ಸಹಾಯ ಕೇಳಲು ಬಂದರೆ ಸಿಟ್ಟು ಬರುತ್ತದೆ. ಸೇವೆಗೆಂದೇ ಬಂದವಳಿಗೆ ಹೀಗಾದರೆ ನನ್ನ ವಿಶ್ವಾಸವೇ ಹೋಗಿದೆ ಎಂದಲ್ಲವೇ ಅರ್ಥ?" ಈ ಪ್ರಶ್ನೆಯನ್ನು ಅವರು ಗಂಡನ ಮುಂದೆಯೂ ಆಡಿರಲಿಲ್ಲ. ಸಭೆಯಲ್ಲಿ ಆಡುವ ಮಾತಂತೂ ಅಲ್ಲವೇ ಅಲ್ಲ, ಏಕೆಂದರೆ ಸಭೆಯವರೆಲ್ಲ ತಮ್ಮ ಕಷ್ಟ ಹೇಳಿಕೊಳ್ಳುವುದು ಇವರ ಬಳಿಯೇ.

ಅವರ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ವಿವರವಾಗಿ ಕೇಳಿದೆ. ಸಭಾಪಾಲಕರ ಮನೆ ಚರ್ಚಿನ ಆವರಣದೊಳಗೇ ಇದೆ. ಆವರಣದಲ್ಲಿ ಒಂದು ಬೋರ್‌ವೆಲ್ ಇದೆ. ನಗರಸಭೆಯ ನಲ್ಲಿ ನೀರು ದಿನಗಟ್ಟಲೆ ಬಾರದ ಆ ಬೀದಿಯವರು ನಸುಕಿನಲ್ಲೇ ಬಿಂದಿಗೆ ಹಿಡಿದು ಬರುತ್ತಾರೆ. ಗೇಟು ತೆಗೆಯುವವರು, ಮೋಟರ್ ಹಾಕುವವರು, ಸರದಿಯ ಜಗಳ ಬಿಡಿಸುವವರು ಪಾಸ್ಟರಮ್ಮನೇ. ಹತ್ತು ಗಂಟೆಯ ಹೊತ್ತಿಗೆ ಪಡಿತರ ಚೀಟಿಯ ಇ-ಕೆವೈಸಿ, ನಿಂತುಹೋದ ಗೃಹಲಕ್ಷ್ಮಿ ಹಣ ಎಂದು ಕಾಗದ ಹಿಡಿದು ಬರುವವರು. ನಡುವೆ ಯಾರನ್ನಾದರೂ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ. ಸಂಜೆ ಟೊಮೆಟೊ ಮಂಡಿಯ ಕೂಲಿಯವರ ಮತ್ತು ನರಸಾಪುರದ ಕಾರ್ಖಾನೆಗಳಿಂದ ಕತ್ತಲಾದ ಮೇಲೆ ಮರಳುವ ತಾಯಂದಿರ ಮಕ್ಕಳಿಗೆ ಉಚಿತ ಪಾಠ. ಇವೆಲ್ಲದರ ಮೇಲೆ ಸ್ತ್ರೀಯರ ಕೂಟ, ಭಾನುವಾರ ಶಾಲೆ, ರೋಗಿಗಳ ಭೇಟಿ. ಸಂಬಳವಿರುವುದು ಗಂಡನಿಗೆ ಮಾತ್ರ. ಇವರ ದುಡಿಮೆಗೆ ಹುದ್ದೆಯೂ ಇಲ್ಲ, ರಜೆಯೂ ಇಲ್ಲ. ತಮ್ಮ ಸ್ವಂತ ಮಗನ ಮನೆಪಾಠ ನೋಡದೆ ಎಷ್ಟು ಕಾಲವಾಯಿತೆಂಬುದು ಅವರಿಗೇ ನೆನಪಿರಲಿಲ್ಲ.

ಮೊದಲು ದೇಹದ ಕಡೆ ಗಮನ ಕೊಟ್ಟೆ. ಎದೆಬಡಿತ, ಸುಸ್ತು, ಸಿಡುಕು ಎಂದು ಬರುವ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಅಥವಾ ಥೈರಾಯ್ಡ್ ತೊಂದರೆ ಇರುವುದು ಅಪರೂಪವಲ್ಲ, ಅದನ್ನು ಮನಸ್ಸಿನ ಖಾತೆಗೆ ಬರೆದುಬಿಡಬಾರದು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆಯಿದ್ದುದು ತಿಳಿಯಿತು, ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಬದುಕು ಬೇಡವೆನಿಸುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿ ಕೇಳಿದೆ. ಇಲ್ಲವೆಂದರು. ಹಾಗೇನಾದರೂ ಅನಿಸಿದರೆ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ ಸಂಖ್ಯೆ 14416 ಅನ್ನು ಬರೆದುಕೊಟ್ಟೆ.

ಮಾತು ಮುಂದುವರಿದಂತೆ, ದಣಿವಿನ ಅಡಿಯಲ್ಲಿ ಒಂದು ಹೋಲಿಕೆ ಇರುವುದು ಕಂಡಿತು. ಸಭೆಯ ಹಿರಿಯರೊಬ್ಬರು ಆಗಾಗ ಹಳೆಯ ಮಿಷನರಿ ಹೆಂಗಸರ ಕಥೆ ಹೇಳುತ್ತಿದ್ದರಂತೆ: ಧಾತು ಈಶ್ವರ ಬರದಲ್ಲಿ, ಅಂದರೆ 1876-78ರಲ್ಲಿ, ಅನಾಥರಾದ ಮಕ್ಕಳನ್ನು ಕೋಲಾರದಲ್ಲಿ ಸಾಕಿದ ಮಿಸ್ ಆನ್‌ಸ್ಟಿಯವರ ಕಥೆ, 1910ರಲ್ಲಿ ಶುರುವಾದ ಮೆಥೋಡಿಸ್ಟರ ಆಸ್ಪತ್ರೆಯ ಕಥೆ. "ಅವರು ಬೇರೆ ದೇಶದಿಂದ ಬಂದು ಇಷ್ಟೆಲ್ಲ ಮಾಡಿದರು, ನಮಗೇನು?" ಎಂಬುದು ಆ ಕಥೆಗಳ ಕೊನೆಯ ಮಾತು. ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಆದರೆ ಆಸ್ಪತ್ರೆಯೆಂದರೆ ವೈದ್ಯರು, ದಾದಿಯರು, ಅಡುಗೆಯವರು, ಸಂಬಳ, ದೂರದಿಂದ ಬರುತ್ತಿದ್ದ ದೇಣಿಗೆ ಎಲ್ಲವೂ ಸೇರಿದ ಒಂದು ಸಂಸ್ಥೆ. ಒಂದು ಸಂಸ್ಥೆಯ ಕೆಲಸವನ್ನು ಒಬ್ಬ ಗೃಹಿಣಿಯ ಅಳತೆಗೋಲು ಮಾಡುವುದು ಅನ್ಯಾಯ. ನಾನು ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಅತ್ತರು.

ಇನ್ನೊಂದು ಗಾಯವೂ ಇತ್ತು. ಪಾಠಕ್ಕೆ ಬರುತ್ತಿದ್ದ ಏಳನೇ ತರಗತಿಯ ಹುಡುಗಿಯೊಬ್ಬಳನ್ನು ಅವಳ ತಂದೆ ನಿಲ್ಲಿಸಿದ್ದರು. ಮಕ್ಕಳನ್ನು ತಮ್ಮ ಮತಕ್ಕೆ ಸೆಳೆಯಲು ಪಾಠ ಹೇಳುತ್ತಾರೆ ಎಂದು ಬೀದಿಯಲ್ಲಿ ಯಾರೋ ಆಡಿದ್ದೇ ಕಾರಣ. ಪಾಸ್ಟರಮ್ಮನವರಿಗೆ ಆ ಮಾತಿಗಿಂತ ಹೆಚ್ಚು ನೋವಾದದ್ದು, ಸಭೆಯ ಕಮಿಟಿಯವರಲ್ಲಿ ಒಬ್ಬರೂ ಅದರ ಬಗ್ಗೆ ತುಟಿ ಬಿಚ್ಚದೆ ಇದ್ದದ್ದು.

ನಾನು ಅವರ ಧರ್ಮದವಳಲ್ಲ. ಆದ್ದರಿಂದ ವಿಶ್ವಾಸ ಹೋಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನನಗಿಲ್ಲವೆಂದು ಸ್ಪಷ್ಟಪಡಿಸಿ, ದಣಿದವರ ಬಗ್ಗೆ ನಿಮ್ಮ ಗ್ರಂಥದಲ್ಲೇನಿದೆ ಎಂದು ಕೇಳಿದೆ. ಭಾನುವಾರ ಶಾಲೆಯಲ್ಲಿ ತಾವೇ ಕಲಿಸುವ ವಿಮೋಚನಕಾಂಡದ 18ನೇ ಅಧ್ಯಾಯವನ್ನು ಅವರು ನೆನಪಿಸಿಕೊಂಡರು. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ, ನೀನೂ ಬಳಲುವೆ, ಜನರೂ ಬಳಲುವರು, ಹೊಣೆಯನ್ನು ಹಂಚು ಎಂದು ಮಾವನಾದ ಇತ್ರೋನನು ಹೇಳುವ ಪ್ರಸಂಗವದು. ಮರುಭೇಟಿಗೆ ಬರುವಾಗ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯವನ್ನೂ ಓದಿಕೊಂಡು ಬಂದಿದ್ದರು: ದಿನನಿತ್ಯದ ಹಂಚಿಕೆಯಲ್ಲಿ ಕೆಲವು ವಿಧವೆಯರು ಕಡೆಗಣಿಸಲ್ಪಟ್ಟಾಗ ಆದಿ ಸಭೆಯು ಆ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸಿತು. ಸಿಟ್ಟು ಬರುವುದು ವಿಶ್ವಾಸ ಹೋದುದರ ಗುರುತಲ್ಲ, ಹೊರೆ ಮಿತಿ ಮೀರಿದ್ದರ ಗುರುತೆಂಬುದನ್ನು ಅವರು ತಮ್ಮದೇ ಓದಿನಿಂದ ಕಂಡುಕೊಂಡರು. ನಾನು ಹೇಳಿದ್ದರೆ ಅದು ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಮುಂದಿನ ಭೇಟಿಗೆ ದಂಪತಿಯನ್ನು ಒಟ್ಟಿಗೆ ಕರೆದೆ. ಹೆಂಡತಿ ಸಂತೋಷದಿಂದ ಮಾಡುತ್ತಿದ್ದಾಳೆಂದು ಪ್ರಾಮಾಣಿಕವಾಗಿ ನಂಬಿದ್ದ ಪತಿ, ದಿನಚರಿಯ ಪಟ್ಟಿಯನ್ನು ನೋಡಿ ಮಾತೇ ಆಡಲಿಲ್ಲ. ಇದನ್ನು ಪತ್ನಿಯ ಅನಾರೋಗ್ಯವೆಂದು ಹೇಳದೆ, ಸಭೆಯ ಸೇವೆಯ ವ್ಯವಸ್ಥೆಯ ಪ್ರಶ್ನೆಯೆಂದೇ ಕಮಿಟಿಯ ಮುಂದಿಡುವಂತೆ ಸಲಹೆ ನೀಡಿದೆ. ಅನಾರೋಗ್ಯವೆಂದರೆ ಜನ ಹಣ್ಣು ತಂದುಕೊಟ್ಟು ಹೋಗುತ್ತಾರೆ, ಕೆಲಸ ಹಾಗೆಯೇ ಉಳಿಯುತ್ತದೆ.

ನೀರಿನ ವಿಷಯದಲ್ಲಿ ಸುಲಭದ ದಾರಿಯಿತ್ತು. ಪೈಪನ್ನು ಕಾಂಪೌಂಡ್ ಗೋಡೆಯಾಚೆಗೆ ಎಳೆದು ಬೀದಿಯ ಕಡೆಗೆ ನಲ್ಲಿ ಇಟ್ಟು, ಮೋಟರ್ ಹಾಕುವ ಹೊಣೆಯನ್ನು ಸಭೆಯ ಯುವಕರಿಗೂ ಸರದಿಯ ಹೊಣೆಯನ್ನು ಬೀದಿಯ ಹೆಂಗಸರಿಗೂ ವಹಿಸುವುದು. ನಮ್ಮ ಜಿಲ್ಲೆಯ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ತೊಂದರೆ ಇರುವುದರಿಂದ ನೀರನ್ನು ಪರೀಕ್ಷೆ ಮಾಡಿಸಿ, ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದ್ದರೆ ಬಳಕೆಗೆ ಮಾತ್ರ, ಕುಡಿಯಲು ಅಲ್ಲವೆಂದು ಬೋರ್ಡ್ ಹಾಕಬೇಕೆಂದೂ ಹೇಳಿದೆ. ಆಪ್ತಸಲಹೆಗಾರ್ತಿಗೆ ಇದೇಕೆಂದು ಕೇಳಬಹುದು. ನೆರೆಯವರಿಗೆ ಕೊಡುವುದು ಅವರಿಗೆ ಕೆಡುಕಾಗಬಾರದು ಎಂಬುದೂ ಆ ಮನೆಯ ಮನಃಶಾಂತಿಗೆ ಸೇರಿದ ವಿಷಯವೇ.

ಪಾಠದ ವಿಷಯ ಸೂಕ್ಷ್ಮವಾದದ್ದು. ಆಮಿಷವೊಡ್ಡಿ ಮತಾಂತರ ಮಾಡುವುದನ್ನು ನಿಷೇಧಿಸುವ, 2022ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯು ಆಮಿಷದ ವ್ಯಾಖ್ಯೆಯಲ್ಲಿ ಉಡುಗೊರೆ, ಉದ್ಯೋಗದ ಜೊತೆಗೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವನ್ನೂ ಹೆಸರಿಸಿರುವುದರಿಂದ, ಒಳ್ಳೆಯ ಉದ್ದೇಶದವರಿಗೂ ಅಳುಕು ಇರುವುದು ಸಹಜ. ಕಾನೂನಿನ ಸಂದೇಹಗಳನ್ನು ವಕೀಲರಲ್ಲಿ ಕೇಳಿಕೊಳ್ಳಲು ತಿಳಿಸಿ, ನನ್ನ ಅಭಿಪ್ರಾಯವನ್ನು ಹೇಳಿದೆ: ಪಾಠದ ಹೊತ್ತಿನಲ್ಲಿ ಪಾಠ ಮಾತ್ರ ನಡೆಯಲಿ, ಪ್ರಾರ್ಥನೆಯಾಗಲಿ ಪುಸ್ತಕ ಹಂಚುವುದಾಗಲಿ ಬೇಡ, ತಂದೆತಾಯಿಯ ಲಿಖಿತ ಒಪ್ಪಿಗೆ ಇರಲಿ, ಬಾಗಿಲು ತೆರೆದೇ ಇರಲಿ, ಇಬ್ಬರು ದೊಡ್ಡವರು ಸದಾ ಜೊತೆಗಿರಲಿ, ಅವರಲ್ಲಿ ಒಬ್ಬರು ಬೀದಿಯವರೇ ಆಗಿರಲಿ. ಇದು ಆರೋಪಕ್ಕೆ ಹೆದರಿ ಮಾಡುವ ಏರ್ಪಾಡಲ್ಲ. ಹಸಿದವನಿಗೆ ಅನ್ನ ಕೊಟ್ಟು ಪ್ರತಿಯಾಗಿ ಏನನ್ನೂ ಬಯಸದಿರುವುದು ಅವರ ವಿಶ್ವಾಸದ ಬೇಡಿಕೆಯೇ ಎಂದು ಸಭಾಪಾಲಕರು ತಾವಾಗಿಯೇ ಹೇಳಿದರು.

ಇಲ್ಲ ಎನ್ನಲು ಬಾರದ ಪಾಸ್ಟರಮ್ಮನವರ ಬಾಯಿಗೆ ಒಂದು ವಾಕ್ಯವನ್ನು ರೂಢಿ ಮಾಡಿಸಿದೆ: "ಈಗ ಆಗುವುದಿಲ್ಲಮ್ಮ, ಗುರುವಾರ ಬೆಳಿಗ್ಗೆ ಬನ್ನಿ." ಕಾಗದಪತ್ರದ ಕೆಲಸ ಗುರುವಾರಕ್ಕೆ ಮೀಸಲಾಯಿತು, ಉಳಿದ ದಿನ ಬಂದವರಿಗೆ ಕರ್ನಾಟಕ ಒನ್ ಕೇಂದ್ರದ ದಾರಿ ತೋರಿಸುವುದು, ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯಲು ಆಶಾ ಕಾರ್ಯಕರ್ತೆಗೆ ತಿಳಿಸುವುದು. ಆರಂಭದಲ್ಲಿ ಆ ವಾಕ್ಯ ಹೇಳಿದ ರಾತ್ರಿಯೆಲ್ಲ ಅವರಿಗೆ ಅಪರಾಧಭಾವ ಕಾಡಿತು. ಅದು ಬರುತ್ತದೆ, ಬಂದರೂ ನಿರ್ಧಾರ ಬದಲಿಸಬೇಡಿ ಎಂದು ಮೊದಲೇ ಎಚ್ಚರಿಸಿದ್ದೆ. ತಮ್ಮ ಸಭೆಗೆ ಸೇರದ, ಬೇರೆ ಊರಿನ ಹಿರಿಯ ಪಾಸ್ಟರಮ್ಮರೊಬ್ಬರೊಂದಿಗೆ ಮನಬಿಚ್ಚಿ ಮಾತನಾಡುವ ಏರ್ಪಾಡನ್ನೂ ಮಾಡಿಕೊಳ್ಳಲು ಹೇಳಿದೆ, ಏಕೆಂದರೆ ಎಲ್ಲರ ಗುಟ್ಟು ಕೇಳುವವರಿಗೆ ತಮ್ಮ ಗುಟ್ಟು ಹೇಳಿಕೊಳ್ಳುವ ಜಾಗವೂ ಬೇಕು.

ಕಮಿಟಿಯಲ್ಲಿ ವಾದ ನಡೆಯಿತು. ಹಳೆಯ ಕಥೆಗಳ ಆ ಹಿರಿಯರು ಮೊದಲು ಒಪ್ಪಲಿಲ್ಲ, ಬಳಿಕ ನಲ್ಲಿಯ ಖರ್ಚನ್ನು ತಾವೇ ಕೊಟ್ಟರು. ಪಾಠಕ್ಕೆ ಈಗ ನಿವೃತ್ತ ಶಿಕ್ಷಕರೊಬ್ಬರು ಮತ್ತು ಬೀದಿಯ ಪದವೀಧರ ಹುಡುಗಿಯೊಬ್ಬಳು ಬರುತ್ತಾರೆ. ಪಾಠ ನಿಲ್ಲಿಸಿದ ತಂದೆಯನ್ನು ಸಭಾಪಾಲಕರು ಭೇಟಿಯಾಗಿ ಹೊಸ ಕ್ರಮವನ್ನು ವಿವರಿಸಿದರೂ ಅವರು ಮಗಳನ್ನು ಮತ್ತೆ ಕಳುಹಿಸಿಲ್ಲ. ಕಳುಹಿಸಲೇಬೇಕೆಂದು ಒತ್ತಾಯಿಸಬಾರದೆಂಬುದು ನನ್ನ ಸಲಹೆ. ಪಾಸ್ಟರಮ್ಮನವರ ನಿದ್ರೆ ಸುಧಾರಿಸಿದೆ, ಮಾತ್ರೆ ಮುಂದುವರಿದಿದೆ. ಮುಂದಿನ ವರ್ಗಾವಣೆಯಲ್ಲಿ ಹೊಸ ಊರಿಗೆ ಹೋದಾಗ, ಹೋದ ಮೊದಲ ತಿಂಗಳಲ್ಲೇ ಅಲ್ಲಿನ ಕಮಿಟಿಯೊಂದಿಗೆ ಕೆಲಸದ ಹಂಚಿಕೆಯನ್ನು ಹೇಗೆ ಮಾತನಾಡಬೇಕೆಂಬುದನ್ನು ಈಗ ಇಬ್ಬರೂ ಸೇರಿ ಸಿದ್ಧಪಡಿಸುತ್ತಿದ್ದಾರೆ.